ಒರಿನ್ ತುಂಬದ ತೋಟಾಗಳು

ಹೆಸರು: ವರ್ನಾ ಟ್ವೈಟ್. ಗಂಡನ ಹೆಸರು: ಒರಿನ್ ಟ್ವೈಟ್. ವಯಸ್ಸು: ಅರವತ್ತಮೂರು. ಕಸುಬು: ಕುದುರೆ ಜೀನು, ಬೆಲ್ಟು ಮುಂತಾದ ಚರ್ಮದ ಸಾಮಾನು ಹೊಲಿದು ರಿಪೇರಿ ಮಾಡುವುದು. ವಾಸ: ಹಳೆ ಗಿರಣಿ ರಸ್ತೆ, ಕಾಟನ್‌ಕ್ರೀಕ್ ಪಟ್ಟಣ, ಮೊಂಟಾನಾ.

ಮೇಲೆ ಹೇಳಿದ ನಾನು, ಯಾರೂ ಹಿಡಿದು ತಾರದೆ, ನನ್ನ ಗಾಡಿ ನಾನೇ ಓಡಿಸಿಕೊಂಡು ಈ ದಿನ ಶೆರಿಫ್ ಕಚೇರಿಗೆ ಬಂದು, ಡೆಪ್ಯುಟಿ ಲೋವೆಲ್ ಕ್ರೂಪ್ ಅವರ ಮುಂದೆ ಕೂತು ಬರೆಸುವುದೇನೆಂದರೆ:

ನಮ್ಮೂರಿನ ಹಾರ್ಡ್‌ವೇರ್ ಅಂಗಡಿಯ ಮಾಲೀಕ ರೋಲಂಡ್ ಫಿಸ್ಕ್ ಅವರು, ನಿನ್ನೆ ಗುರುವಾರ ಬೆಳಿಗ್ಗೆ ನಾನು ಅವರ ಅಂಗಡಿಯ ಗಾಜಿನ ಕಪಾಟು ಒಡೆದೆನೆಂದು ದೂರು ಕೊಟ್ಟಿರುತ್ತಾರೆ. ಒಡೆದದ್ದು ನಿಜ. ಯಾಕೆ ಒಡೆದೆ ಎಂಬುದನ್ನು ಮೊದಲಿನಿಂದ ಬರೆದುಕೊಂಡರೆ ಮಾತ್ರ ಸಹಿ ಹಾಕುತ್ತೇನೆ ಎಂದೆ. ಡೆಪ್ಯುಟಿಯವರು ಒಪ್ಪಿರುತ್ತಾರೆ.

ನನ್ನ ಗಂಡ ಒರಿನ್ ಅವರಿಗೆ ಅರವತ್ತೆಂಟು ವರ್ಷ. ರೈಲ್ವೆ ಹಳಿ ಕೆಲಸದಿಂದ ನಿವೃತ್ತರು. ರಿವಾಲ್ವರಿನಲ್ಲಿ ಹಾರಿಸಿಯಾದ ತೋಟಾಗಳ ಖಾಲಿ ಹಿತ್ತಾಳೆ ಕೊಳವೆಗಳನ್ನು ಎತ್ತಿ ತಂದು, ತೊಳೆದು, ಮತ್ತೆ ಮದ್ದು ಹಾಕಿ, ಮೇಲೆ ಸೀಸದ ಗುಂಡು ಕೂರಿಸುವುದು ಅವರ ಹವ್ಯಾಸ. ನಮ್ಮ ಗ್ಯಾರೇಜಿನಲ್ಲಿ ಗಾಡಿ ನಿಂತಿದ್ದಕ್ಕಿಂತ ಅವರು ನಿಂತಿದ್ದೇ ಹೆಚ್ಚು. ತಮಗೆ ತುಂಬಿಕೊಳ್ಳುತ್ತಿದ್ದರು, ತಮ್ಮ ತಂಗಿ ಆರ್ಡಿಸ್‌ಳ ಮಗಳು ಮ್ಯಾರೆನ್‌ಗೆ ತುಂಬಿ ಕೊಡುತ್ತಿದ್ದರು. ಮ್ಯಾರೆನ್ ಕುರಿಗಳ ಉಣ್ಣೆ ತೆಗೆಯುವ ಕೆಲಸದವಳು. ಇಪ್ಪತ್ತಾರು ವರ್ಷ. ನಮಗೆ ಮಕ್ಕಳಿಲ್ಲ. ಅವಳಿಗೆ ರಿವಾಲ್ವರ್ ಹಿಡಿಯಲು ಕಲಿಸಿದವರು ಒರಿನ್, ಸೊಂಟದ ಬೆಲ್ಟು ಹೊಲಿದುಕೊಟ್ಟವಳು ನಾನು.

ಕಳೆದ ವರ್ಷದಿಂದ ಕೋವಿಮದ್ದಿಗೆ ಬರ ಬಂತು. ಒರಿನ್ ಮೂವತ್ತು ವರ್ಷ ಬಳಸಿದ ಮದ್ದು ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಬದಲಿಗೆ ಬೇರೆ ಮದ್ದು ಆರಿಸಬೇಕಾಯಿತು. ಒಂದು ಮದ್ದಿನ ಬದಲು ಇನ್ನೊಂದು ಹಾಕುವುದೆಂದರೆ ಸಕ್ಕರೆ ಮುಗಿಯಿತೆಂದು ಜೇನು ಹಾಕಿದಂತಲ್ಲ. ಒಂದು ಸರ್ರನೆ ಉರಿಯುತ್ತದೆ, ಇನ್ನೊಂದು ನಿಧಾನ. ಅಳತೆ ಬೇರೆ, ಒತ್ತಡ ಬೇರೆ, ಎರಡರಷ್ಟು ಬಿದ್ದರೆ ರಿವಾಲ್ವರೇ ಸಿಡಿಯುತ್ತದೆ. ಅವರು ಚಳಿಗಾಲವೆಲ್ಲ ಮದ್ದು ತಯಾರಿಸುವವರು ಅಚ್ಚು ಹಾಕಿಸಿದ ಕೋಷ್ಟಕಗಳನ್ನು ಓದುತ್ತ ಕೂತರು. ನಾನು ತಮಾಷೆಗೆ, ಮದುವೆಗೆ ಮುಂಚೆ ನನ್ನನ್ನೂ ಇಷ್ಟು ವಿಚಾರಿಸಿರಲಿಲ್ಲ ಎಂದಿದ್ದೆ. ಕೊನೆಗೆ ಹಗುರವಾದ, ಹೊಟ್ಟಿನಂತೆ ಉಬ್ಬಿಕೊಂಡಿರುವ, ತೆಳು ಬಿಲ್ಲೆಗಳ ಒಂದು ಮದ್ದು ಆರಿಸಿದರು. ಸರಿಯಾದ ಅಳತೆ ಹಾಕಿದರೆ ಅದು ಕೊಳವೆಯನ್ನು ಬಹುಪಾಲು ತುಂಬಿಬಿಡುತ್ತದೆ. ಮರೆತು ಎರಡನೇ ಸಲ ಸುರಿದರೆ ಹೊರಚೆಲ್ಲಿ ಮೇಜಿನ ಮೇಲೆ ಬೀಳುತ್ತದೆ, ಕಣ್ಣು ತಪ್ಪಿಸಲು ಸಾಧ್ಯವಿಲ್ಲ. ಅದನ್ನು ಆರಿಸಿದ್ದಕ್ಕೆ ಅದೇ ಕಾರಣ.

ಮಾರ್ಚ್ ತಿಂಗಳಲ್ಲಿ ಫಿಸ್ಕ್ ನಮ್ಮ ಮನೆಗೆ ಬಂದರು. ಅವರು ಊರಿನ ಗುರಿಗಾರರ ಕ್ಲಬ್ಬಿನ ಅಧ್ಯಕ್ಷರೂ ಹೌದು, ಒರಿನ್ ಜೊತೆ ಶಾಲೆ ಕಲಿತವರೂ ಹೌದು. ಅಡುಗೆಮನೆಯಲ್ಲಿ ಕೂತು ನಾನು ಮಾಡಿದ ರೂಬಾರ್ಬ್ ದಂಟಿನ ಕಡುಬು ಎರಡು ಸಲ ಹಾಕಿಸಿಕೊಂಡು ತಿಂದರು. ಆಮೇಲೆ ಕೋಟಿನ ಜೇಬಿನಿಂದ ಹೆಸರುಚೀಟಿ ಇಲ್ಲದ ಒಂದು ಗಾಜಿನ ಶೀಶೆ ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ಗಸಗಸೆಯಂಥ ಸಣ್ಣ ಕರಿ ಕಾಳಿನ ಮದ್ದಿತ್ತು. ಯಾರದೋ ಹತ್ತಿರ ಬದಲಾಯಿಸಿಕೊಂಡದ್ದಂತೆ.

"ಚಿಟಿಕೆ ಹಾಕಿದ್ರೆ ಸಾಕು ಕಣೋ, ಒಂದು ಶೀಶೇಲಿ ವರ್ಷ ತಳ್ಳಬಹುದು. ನಿನ್ನ ಹೊಟ್ಟು ಯಾರಿಗೆ ಬೇಕು?" ಎಂದರು.

ಒರಿನ್ ಶೀಶೆ ಮುಟ್ಟಲಿಲ್ಲ. "ಚಿಟಿಕೆ ಸಾಕು ಅನ್ನೋದೇ ನಂಗೆ ಭಯ ರೋಲಂಡ್. ಅಷ್ಟು ದೊಡ್ಡ ಕೊಳವೆ ತಳದಲ್ಲಿ ಚಿಟಿಕೆ ಕೂತ್ರೆ ಕಣ್ಣಿಗೇ ಕಾಣಲ್ಲ. ಎರಡನೇ ಸಲ ಬಿದ್ರೂ ಕಾಣಲ್ಲ. ಅದಿರ್ಲಿ, ಇದರ ಹೆಸರೇನು?"

"ಹೆಸರು ಕಟ್ಕೊಂಡು ಏನ್ಮಾಡ್ತೀಯಾ, ಮಗಳನ್ನ ಕೊಡ್ತೀಯಾ ಇದಕ್ಕೆ?"

"ಹೆಸರು ಗೊತ್ತಿಲ್ದಿರೋ ಮದ್ದನ್ನ ಹುಲ್ಲಿಗೆ ಸುರೀತಾರೆ. ತೋಟಾಕ್ಕೆ ಹಾಕಲ್ಲ."

ಫಿಸ್ಕ್ ನಕ್ಕು, "ಮುದುಕ ಆದೆ ಕಣೋ ನೀನು. ಕೈ ನಡುಗೋಕೆ ಮುಂಚೆ ಎದೆ ನಡುಗುತ್ತಂತೆ" ಎಂದು ಶೀಶೆಯನ್ನು ಜೇಬಿಗಿಳಿಸಿ ಹೊರಟರು. ಆ ಮಾತಿಗೆ ನಾನೂ ನಕ್ಕಿದ್ದೆ. ಈಗ ನಗು ಬರುವುದಿಲ್ಲ.

ಮೇ ಹತ್ತನೇ ತಾರೀಕು ಶನಿವಾರ, ಊರಾಚೆಯ ಜಲ್ಲಿ ಗುಂಡಿಯಲ್ಲಿ ಕ್ಲಬ್ಬಿನ ವಸಂತದ ಪಂದ್ಯ ನಡೆಯಿತು. ನಾನು ಗುರಿ ಸಾಲಿನಿಂದ ಸುಮಾರು ನಲವತ್ತು ಅಡಿ ಹಿಂದೆ ನನ್ನ ಬೆಲ್ಟುಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೆ. ಊಟವಾದ ಮೇಲಿನ ಸುತ್ತಿನಲ್ಲಿ ಮ್ಯಾರೆನ್ ಸರದಿ ಬಂತು. ಮೊದಲ ಎರಡು ಗುಂಡು ಸರಿಯಾಗಿ ಹೋದವು. ಮೂರನೆಯದರ ಸದ್ದು ಗುಂಡಿನ ಸದ್ದಾಗಿರಲಿಲ್ಲ. ಚಳಿಗೆ ಹೆಪ್ಪುಗಟ್ಟಿದ ಮರ ಸೀಳಿದಂತಿತ್ತು. ರಿವಾಲ್ವರಿನ ಮೇಲಿನ ಪಟ್ಟಿ ಹಾರಿಹೋಗಿತ್ತು, ತೋಟಾ ಕೂರುವ ಉರುಳೆಯಲ್ಲಿ ಅರ್ಧ ಇರಲಿಲ್ಲ.

ಮ್ಯಾರೆನ್ ಕಿರುಚಲಿಲ್ಲ. ದಣಿದವರು ಕೂರುವ ಹಾಗೆ ಜಲ್ಲಿ ಮೇಲೆ ಕೂತಳು. "ಮಾಮಾ, ನನ್ನ ಎಡಗೈಗೆ ಏನಾಗಿದೆ ನೀನೇ ನೋಡು, ನಾನು ನೋಡಲ್ಲ" ಎಂದಳು. ಒರಿನ್ ತಮ್ಮ ಅಂಗಿ ಬಿಚ್ಚಿ ಆ ಕೈಗೆ ಸುತ್ತಿದರು. ಹೆಬ್ಬೆರಳು ಇರಲಿಲ್ಲ. ತೋರುಬೆರಳು ಇದ್ದೂ ಇಲ್ಲದಂತಿತ್ತು. ನಾನು ಹಣೆ ಹಿಡಿದುಕೊಂಡೆ. ಅಲ್ಲಿ ಲೋಹದ ಚೂರು ಬಡಿದು ರಕ್ತ ಕಣ್ಣಿಗಿಳಿಯುತ್ತಿತ್ತು.

ಆಂಬುಲೆನ್ಸ್ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಫಿಸ್ಕ್ ಎಲ್ಲರಿಗೂ ಕೇಳುವಂತೆ, "ಒರಿನ್, ಇವಳಿಗೆ ತೋಟಾ ತುಂಬಿಕೊಡೋದು ನೀನೇ ಅಲ್ವಾ?" ಎಂದು ಕೇಳಿದರು.

ಒರಿನ್ "ಹೌದು" ಎಂದರು. ಅವರು ಸುಳ್ಳು ಹೇಳಿ ಅಭ್ಯಾಸವಿಲ್ಲದವರು. ಅವಳಿಗೆ ಬೇರೆ ಯಾರೂ ಯಾವತ್ತೂ ತುಂಬಿ ಕೊಟ್ಟಿರಲಿಲ್ಲ. ಆದ್ದರಿಂದ ಹೌದು ಎಂದರು.

ಆ ದಿನ ಸಂಜೆ ಆಸ್ಪತ್ರೆಯ ಕೋಣೆಯಲ್ಲಿ ಆರ್ಡಿಸ್ ಮಗಳ ಮಂಚದ ಪಕ್ಕ ನಿಂತಿದ್ದಳು. ಒರಿನ್ ಒಳಗೆ ಹೋಗಿ, ಟೋಪಿ ಕೈಯಲ್ಲಿ ಹಿಡಿದು, "ಆರ್ಡಿಸ್, ನನ್ನ ಕೈ ತಪ್ಪಿತು ಕಣೆ. ಎಲ್ಲಿ ತಪ್ಪಿತು ಅಂತ ಗೊತ್ತಾಗ್ತಿಲ್ಲ. ಆದ್ರೆ ತಪ್ಪಿದ್ದು ನಾನೇ. ಕ್ಷಮಿಸು ಅಂತ ಕೇಳೋಕೂ ಬಾಯಿ ಬರ್ತಿಲ್ಲ" ಎಂದರು.

ಆರ್ಡಿಸ್, "ಅವಳು ಆ ಕೈಯಲ್ಲಿ ಕುರಿ ಚರ್ಮ ಎಳೆದು ಹಿಡೀತಿದ್ಲು ಒರಿನ್. ಹಿಡೀದೆ ಕತ್ತರಿ ಹಾಕಿದ್ರೆ ಕುರಿ ಸೀಳಿಹೋಗುತ್ತೆ. ಆ ಕೈಯಿಂದ ಹೊಟ್ಟೆ ಹೊರೀತಿದ್ಲು. ಇನ್ನು ನಮ್ಮನೆ ಮೆಟ್ಟಿಲು ಹತ್ತಬೇಡ" ಎಂದಳು.

ಆ ಕೋಣೆಯಲ್ಲಿ ಫಿಸ್ಕ್ ಕೂಡ ಇದ್ದರು. ನನ್ನ ಗಂಡನ ಹೆಗಲ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. "ಬಿಡು ಆರ್ಡಿಸ್, ಅವನಿಗೂ ವಯಸ್ಸಾಯ್ತು" ಎಂದರು. ಈ ವಾಕ್ಯದ ಕೆಳಗೆ ಗೆರೆ ಎಳೆಯಬೇಕೆಂದು ಡೆಪ್ಯುಟಿಯವರನ್ನು ಕೇಳಿಕೊಂಡೆ. ಹೇಳಿಕೆಯಲ್ಲಿ ಗೆರೆ ಎಳೆಯುವ ಪದ್ಧತಿ ಇಲ್ಲವೆಂದರು. ಎಳೆಯಬೇಕಿತ್ತು.

ಮುಂದಿನ ವಾರ ಕ್ಲಬ್ಬಿನವರು ಸಭೆ ಸೇರಿ ಒರಿನ್ ಅವರನ್ನು ತೆಗೆದುಹಾಕಿದರು. ಸಭೆಗೆ ಅವರನ್ನು ಕರೆಯಲಿಲ್ಲ. ದಿನಸಿ ಅಂಗಡಿಯಲ್ಲಿ ಕ್ಲೈಡ್ ಬ್ರೆನ್ನೆಕೆ ಎಂಬ ದನ ಸಾಕುವವರು, ಒರಿನ್ ಬಂದದ್ದು ಕಂಡು ಬೆನ್ನು ತಿರುಗಿಸಿ ನಿಂತದ್ದನ್ನು ನಾನೇ ನೋಡಿದ್ದೇನೆ. ಒರಿನ್ ಗ್ಯಾರೇಜಿನ ಮೇಜಿಗೆ ಹಳೆ ಹಾಸಿಗೆ ಬಟ್ಟೆ ಹೊದಿಸಿದರು. ಕಾಫಿ ನನ್ನಿಂದಲೇ ಬಗ್ಗಿಸಿಕೊಳ್ಳತೊಡಗಿದರು. ಕೇಳಿದರೆ ಕೈ ನಡುಗುತ್ತದೆ ಎನ್ನುತ್ತಿದ್ದರು. ಬೆಳಕಿಗೆ ಎರಡೂ ಕೈ ಚಾಚಿ ಹಿಡಿದು ನೋಡುತ್ತ ನಿಂತಿರುತ್ತಿದ್ದರು. ಕೈ ನಡುಗುತ್ತಿರಲಿಲ್ಲ. ನಡುಗುತ್ತಿಲ್ಲ ಎಂದು ಹೇಳಿದರೆ, "ನಿಂಗೆ ಕಾಣಲ್ಲ ಕಣೆ, ಒಳಗೆ ನಡುಗ್ತಿದೆ" ಎನ್ನುತ್ತಿದ್ದರು. ಎರಡು ತಿಂಗಳು ನನ್ನ ಮನೆಯಲ್ಲಿ ಹೀಗೆ ನಡೆಯಿತು. ಆ ಎರಡು ತಿಂಗಳೂ ಫಿಸ್ಕ್ ತಮ್ಮ ಅಂಗಡಿ ತೆರೆದು, ಮುಚ್ಚಿ, ಭಾನುವಾರ ಚರ್ಚಿನಲ್ಲಿ ನಮ್ಮ ಹಿಂದಿನ ಬೆಂಚಿನಲ್ಲೇ ಕೂತು ಹಾಡಿದರು.

ಈ ವಾರದ ಮೊದಲಲ್ಲಿ ಮ್ಯಾರೆನ್ ಫೋನು ಮಾಡಿದಳು. "ಅತ್ತೆ, ನನ್ನ ಬೆಲ್ಟ್ ನಿನ್ನ ಹತ್ರ ಇದ್ರೆ ಹೊಲಿದಿಡು. ನಂಗಂತೂ ಬೇಡ, ಯಾರಿಗಾದ್ರೂ ಕೊಟ್ಬಿಡ್ತೀನಿ" ಎಂದಳು. ಆಂಬುಲೆನ್ಸಿನವರು ಆ ಬೆಲ್ಟನ್ನು ಕತ್ತರಿಸಿ ತೆಗೆದಿದ್ದರು. ಆಸ್ಪತ್ರೆಯವರು ಚೀಲದಲ್ಲಿ ಹಾಕಿ ಕೊಟ್ಟಾಗ ಆರ್ಡಿಸ್ ಮುಟ್ಟದೇ ಇದ್ದದ್ದರಿಂದ ನಾನು ತಂದು ನಮ್ಮ ಗಾಡಿಯ ಹಿಂಬದಿಯಲ್ಲಿ ಹಾಕಿದ್ದೆ. ಬುಧವಾರ ಅದನ್ನು ಹೊಲಿಯಲು ಕೂತೆ. ಬೆಲ್ಟಿನ ಕುಣಿಕೆಗಳಲ್ಲಿ ಇನ್ನೂ ಕೆಲವು ತೋಟಾಗಳಿದ್ದವು. ರಕ್ತ ಒರೆಸಲೆಂದು ಒಂದನ್ನು ಹೊರತೆಗೆದು ತಿರುಗಿಸಿದಾಗ ಒಳಗೆ ಸದ್ದಾಯಿತು. ಕಾಳು ಉರುಳಿದ ಸದ್ದು.

ನಾನು ಆ ಗ್ಯಾರೇಜು ಗುಡಿಸಿದವಳು. ಒರಿನ್ ಹೊಸ ಮದ್ದು ತುಂಬಿದ ತೋಟಾ ಎಷ್ಟು ಅಲ್ಲಾಡಿಸಿದರೂ ಉಸಿರೆತ್ತುವುದಿಲ್ಲ, ಒಳಗೆ ಜಾಗವೇ ಇರುವುದಿಲ್ಲ. ಕಿವಿಗೆ ಹಿಡಿದು ಇನ್ನೊಮ್ಮೆ ಅಲ್ಲಾಡಿಸಿದೆ. ಮತ್ತೆ ಸದ್ದಾಯಿತು.

ಒರಿನ್ ಅವರನ್ನು ಕರೆದೆ. ಮುಟ್ಟುವುದಿಲ್ಲ ಎಂದರು.

"ನೀನು ಬಿಚ್ಚದಿದ್ರೆ ಸುತ್ತಿಗೆ ತಗೊಂಡು ನಾನೇ ಕುಟ್ತೀನಿ" ಎಂದೆ.

"ಅಯ್ಯೋ, ಕುಟ್ಟಬಾರದು ಕಣೆ, ಸತ್ತುಹೋಗ್ತೀಯ!" ಎಂದು ಎದ್ದು ಬಂದರು. ಎರಡು ತಿಂಗಳಲ್ಲಿ ಅವರು ಅಷ್ಟು ಬೇಗ ಎದ್ದದ್ದು ಅದೇ ಮೊದಲು.

ಮೇಜಿನ ಮೇಲಿನ ಬಟ್ಟೆ ಸರಿಸಿ, ಗುಂಡು ಕಿತ್ತು, ಒಳಗಿನ ಮದ್ದನ್ನು ಬಿಳಿ ತಟ್ಟೆಗೆ ಸುರಿದರು. ಸಣ್ಣ ಕರಿ ಕಾಳು. ಎರಡನೆಯ ತೋಟಾ ಬಿಚ್ಚಿದರು. ಅದೇ ಕಾಳು, ಆದರೆ ತಕ್ಕಡಿಗೆ ಹಾಕಿದರೆ ಮೊದಲಿನದರ ಎರಡರಷ್ಟು ತೂಗಿತು. ಉಳಿದವುಗಳಲ್ಲಿ ಕೆಲವು ಒರಿನ್ ಅವರ ಹೊಟ್ಟಿನಂಥ ಮದ್ದಿನವು, ಅವೆಲ್ಲ ಸರಿಯಾಗಿದ್ದವು. ಒರಿನ್ ತಟ್ಟೆಯನ್ನೇ ನೋಡುತ್ತಿದ್ದು, "ಇದು ನನ್ನದಲ್ಲ" ಎಂದರು. ಆಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನಲ್ಲಿ ತಿರುಗಿಸಿದರು. ಬಹಳ ಹೊತ್ತು ನೀರು ಹರಿಯಿತು. ನಾನು ಬಾಗಿಲು ತಟ್ಟಲಿಲ್ಲ.

ಮ್ಯಾರೆನ್‌ಗೆ ಫೋನು ಮಾಡಿ, ಆ ದಿನ ಬೇರೆ ಯಾರಾದರೂ ತೋಟಾ ಕೊಟ್ಟಿದ್ದರೇ ಎಂದು ಕೇಳಿದೆ. ಅವಳು ಹೇಳಿದಳು: "ಊಟ ಆದ್ಮೇಲಿಂದು ಏನೂ ನೆನಪಿರ್ಲಿಲ್ಲ ಅತ್ತೆ, ಈಗೀಗ ಚೂರು ಚೂರೇ ಬರ್ತಿದೆ. ತೋಟಾ ಕಮ್ಮಿ ಬಿದ್ದಿತ್ತು. ಫಿಸ್ಕ್ ಅಂಕಲ್ ತಾವೇ ಬಂದು ನನ್ನ ಬೆಲ್ಟಿಗೆ ತೂರಿಸಿದ್ರು. ನಿನ್ನ ಮಾಮಂಗೆ ಹೇಳ್ಬೇಡ, ಬೈತಾನೆ ಅಂತ ನಕ್ಕಿದ್ರು. ಕನಸು ಅಂದ್ಕೊಂಡಿದ್ದೆ. ಎಲ್ರೂ ಮಾಮಂದೇ ತಪ್ಪು ಅಂತಿದ್ರು, ಮಾಮನೂ ಹೌದು ಅಂದ್ಬಿಟ್ಟಿದ್ದ."

ಗುರುವಾರ ಬೆಳಿಗ್ಗೆ ಫಿಸ್ಕ್ ಅಂಗಡಿ ತೆರೆಯುತ್ತಿದ್ದಂತೆ ನಾನು ಹೋದೆ. ಒರಿನ್‌ಗೆ ಹೇಳಿ ಹೋಗಲಿಲ್ಲ, ಹೇಳಿದ್ದರೆ ತಡೆಯುತ್ತಿದ್ದರು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು.

"ಏನಮ್ಮಾ ವರ್ನಾ, ಬೆಳಗ್ಗೆ ಬೆಳಗ್ಗೆ? ಒರಿನ್ ಹೇಗಿದ್ದಾನೆ?" ಎಂದು ಫಿಸ್ಕ್ ಕೇಳಿದರು.

ಕರಿ ಕಾಳಿನ ಆ ತಟ್ಟೆಯನ್ನು ಅವರ ಮುಂದಿಟ್ಟೆ. "ಇದರ ಹೆಸರೇನು ರೋಲಂಡ್?" ಎಂದೆ.

ಅವರು ನೋಡಿದರು. ಗಿರಾಕಿಗಳ ಕಡೆ ಒಮ್ಮೆ ತಿರುಗಿದರು. ನನ್ನ ತೋಳು ಹಿಡಿದು ಬಣ್ಣದ ಡಬ್ಬಗಳ ಸಾಲಿನ ಹಿಂದೆ ಕರೆದುಕೊಂಡು ಹೋದರು. ಅಲ್ಲಿ ಗುಟ್ಟಾಗಿ, ಸಿಡಿದದ್ದು ತಾವು ಕೊಟ್ಟ ತೋಟಾ ಎಂದು ತಮಗೂ ಮೊದಲು ಗೊತ್ತಿರಲಿಲ್ಲವೆಂದೂ, ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಹೊಳೆಯಿತೆಂದೂ ಹೇಳಿದರು.

"ದಾರೀಲಿ ಹೊಳೀತಾ?" ಎಂದೆ. "ಹಾಗಾದ್ರೆ ಆ ಕೋಣೇಲಿ ನಿಂತಾಗ ಗೊತ್ತಿತ್ತು."

"ಅಷ್ಟರಲ್ಲಿ ಒರಿನ್ ಒಪ್ಕೊಂಡಾಗಿತ್ತಲ್ಲ ವರ್ನಾ. ಮುಗಿದ ಕತೆ ಯಾಕೆ ಕೆದಕ್ತೀಯ? ಆ ಹುಡುಗಿ ಬೆರಳು ವಾಪಸ್ ಬರುತ್ತಾ? ನಂಗೆ ಅಂಗಡಿ ಇದೆ, ಕ್ಲಬ್ ಇದೆ, ನಾಲ್ಕು ಜನ ನನ್ನ ಮಾತು ಕೇಳ್ತಾರೆ. ಅವನಿಗೇನಿದೆ ಕಳ್ಕೊಳ್ಳೋಕೆ? ಮನೇಲಿ ಕೂರೋ ಮನುಷ್ಯ."

ಪಕ್ಕದಲ್ಲಿ ಮಾರಾಟಕ್ಕೆ ಬೀಡುಕಬ್ಬಿಣದ ಬಾಣಲೆಗಳನ್ನು ತೂಗುಹಾಕಿದ್ದರು. ದೊಡ್ಡದನ್ನು ಇಳಿಸಿಕೊಂಡೆ. ಮುಂದೆ ಬಂದು ಜೇಬುಚಾಕುಗಳಿದ್ದ ಗಾಜಿನ ಕಪಾಟಿಗೆ ಹೊಡೆದೆ. ದೂರಿನಲ್ಲಿ ಒಂದು ಹೊಡೆತವೆಂದು ಬರೆದಿದೆ. ಅದು ತಪ್ಪು. ಮೊದಲನೆಯದಕ್ಕೆ ಬರಿ ಬಿರುಕು ಬಿಟ್ಟಿತು, ಎರಡನೆಯದಕ್ಕೆ ಒಡೆಯಿತು. ಬಾಣಲೆಯನ್ನು ಅವರ ಮೇಲೆ ಎತ್ತಿದೆನೆಂದು ಬರೆದಿರುವುದು ಸುಳ್ಳು. ಎತ್ತಬೇಕೆನಿಸಿತ್ತು. ಎತ್ತಲಿಲ್ಲ. "ಹೆಂಗಸಿಗೆ ತಲೆ ಕೆಟ್ಟಿದೆ, ನೋಡ್ರಪ್ಪಾ!" ಎಂದು ಅವರು ಗಿರಾಕಿಗಳಿಗೆ ಕೂಗಿದರು. ನಾನು ಬಾಣಲೆಯನ್ನು ಅದರ ಕೊಕ್ಕೆಗೇ ತೂಗುಹಾಕಿ ಹೊರಬಂದೆ.

ಮನೆಗೆ ಬಂದು ಒರಿನ್‌ಗೆ ಎಲ್ಲ ಹೇಳಿದೆ. ಕುಣಿಯುತ್ತಾರೆ, ಇಲ್ಲವೇ ಅಳುತ್ತಾರೆ, ಕಡೆಗೆ ಫಿಸ್ಕ್‌ನನ್ನು ಒಂದು ಕೆಟ್ಟ ಮಾತಾದರೂ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ.

"ಅವನು ಇನ್ನೂ ಯಾರ್ಯಾರಿಗೆ ಕೊಟ್ಟಿದಾನೆ?"

ನನಗೆ ಅದು ಹೊಳೆದೇ ಇರಲಿಲ್ಲ. ನಾಳೆ ಶನಿವಾರ ಬೇಸಿಗೆಯ ಪಂದ್ಯ. ಒರಿನ್ ಆಗಲೇ ಫೋನು ಹಿಡಿದಿದ್ದರು. ತಮ್ಮನ್ನು ಹೊರಹಾಕಿದವರಿಗೆಲ್ಲ ಒಬ್ಬೊಬ್ಬರಿಗೇ ಕರೆ ಮಾಡಿದರು. ಹೆಸರು ಹೇಳುತ್ತಿದ್ದಂತೆ ಕೆಲವರು ಫೋನು ಇಟ್ಟರು. ಇಟ್ಟವರ ಮನೆಗೆ ಹೋಗೋಣವೆಂದು ಟ್ರಕ್ಕು ಹತ್ತಿದರು. ನಾನೂ ಹತ್ತಿದೆ. "ಮೊದಲು ಆರ್ಡಿಸ್ ಹತ್ರ ಹೋಗಿ ನೀನಲ್ಲ ಅಂತ ಹೇಳ್ಬಾರ್ದಾ?" ಎಂದು ಕೇಳಿದೆ.

"ಮೊದಲು ತೋಟಾ ಸಿಗಲಿ. ಆಮೇಲೆ ತಂಗಿ" ಎಂದರು.

ಕ್ಲೈಡ್ ಬ್ರೆನ್ನೆಕೆ ಅವರು ಜಾಲರಿ ಬಾಗಿಲು ತೆಗೆಯದೆ ಒಳಗಿನಿಂದಲೇ, "ನಿನ್ನ ಮಾತು ನಾನ್ಯಾಕೆ ನಂಬಲಿ?" ಎಂದರು.

"ನಂಬಬೇಡ ಕ್ಲೈಡ್. ರೋಲಂಡ್ ಕೊಟ್ಟಿದ್ದು ಏನಾದ್ರೂ ಇದ್ರೆ ತಗೊಂಡು ಬಾ, ನಿನ್ನೆದುರಿಗೇ ಬಿಚ್ತೀನಿ. ಏನೂ ಇಲ್ದಿದ್ರೆ ನಾಯಿ ಬಿಟ್ಟು ಓಡಿಸು" ಎಂದು ಒರಿನ್ ಹೇಳಿದರು.

ಅವರ ಬಳಿ ಇತ್ತು. ಒಂದು ಪೂರ್ತಿ ಪೆಟ್ಟಿಗೆ. ಮೊಮ್ಮಕ್ಕಳ ಅಭ್ಯಾಸಕ್ಕಿರಲಿ ಎಂದು ಫಿಸ್ಕ್ ಕೊಟ್ಟದ್ದಂತೆ. ಮೆಟ್ಟಿಲ ಮೇಲೆ ಕೂತು ಒರಿನ್ ಬಿಚ್ಚುತ್ತ ಹೋದರು. ಮೊದಲಿನವು ಸರಿಯಿದ್ದವು, ಕ್ಲೈಡ್ ಮುಖ ಬಿಗಿಯುತ್ತ ಬಂತು. ಆಮೇಲೆ ಒಂದರಲ್ಲಿ ಎರಡರಷ್ಟು ಮದ್ದು ಸುರಿಯಿತು. ಕ್ಲೈಡ್ ಒರಿನ್ ಪಕ್ಕ ಮೆಟ್ಟಿಲ ಮೇಲೆ ಕೂತರು. ಆಮೇಲೆ ಒಳಗೆ ಹೋಗಿ ಟೋಪಿ ಹಾಕಿಕೊಂಡು ಬಂದು, "ನಡಿ, ನಾನೂ ಬರ್ತೀನಿ. ನನ್ನ ಮುಖ ನೋಡಿದ್ರೆ ಬಾಗಿಲು ತೆಗೀತಾರೆ" ಎಂದರು. ಇಂದು ನಾನು ಇಲ್ಲಿ ಕೂತಿರುವಾಗಲೂ ಅವರಿಬ್ಬರು ಮನೆಮನೆ ತಿರುಗುತ್ತಿದ್ದಾರೆ. ನನ್ನ ಗಂಡ ಜೊತೆಗೆ ಬರದಿರುವುದಕ್ಕೆ ಅದೇ ಕಾರಣ.

ಇಷ್ಟು ಹೇಳುವಷ್ಟರಲ್ಲಿ ಡೆಪ್ಯುಟಿಯವರು ಬರೆಯುವುದನ್ನು ನಿಲ್ಲಿಸಿ, ಟೋಪಿ ಎತ್ತಿಕೊಂಡು ಹೊರಗೆ ಹೋದರು. ಮಧ್ಯಾಹ್ನ ಹಿಂತಿರುಗಿ ಬಂದು ಮುಂದಿನದನ್ನು ಬರೆದುಕೊಂಡಿರುತ್ತಾರೆ. ಫಿಸ್ಕ್ ಅಂಗಡಿಯ ಹಿಂಕೋಣೆಯಲ್ಲಿ ತುಂಬಿಟ್ಟ ತೋಟಾಗಳೂ ಹೆಸರಿಲ್ಲದ ಶೀಶೆಯೂ ಸಿಕ್ಕಿವೆಯೆಂದು, ನಾಳಿನ ಪಂದ್ಯ ನಿಲ್ಲಿಸಲಾಗಿದೆಯೆಂದು ತಿಳಿಸಿದರು. ಬೆಲ್ಟಿನಲ್ಲಿ ಸಿಕ್ಕ ತೋಟಾಗಳನ್ನು, ಬಿಚ್ಚಿದವು ಬಿಚ್ಚದವು ಎಲ್ಲ, ಅವರ ವಶಕ್ಕೆ ಕೊಟ್ಟಿದ್ದೇನೆ.

ಫಿಸ್ಕ್ ಈಗ ಪಡಸಾಲೆಯಾಚೆಯ ಕೋಣೆಯಲ್ಲಿ ಕೂತಿದ್ದಾರೆ. ಡೆಪ್ಯುಟಿಯವರ ಮೂಲಕ ಒಂದು ಮಾತು ಹೇಳಿಕಳಿಸಿದರು. ಗಾಜಿನ ಮೇಲಿನ ದೂರು ವಾಪಸು ತೆಗೆದುಕೊಳ್ಳುತ್ತಾರಂತೆ. ಅಕ್ಕಪಕ್ಕದವರು ಇಂಥದ್ದಕ್ಕೆಲ್ಲ ಕೋರ್ಟು ಹತ್ತುವುದು ಚೆನ್ನಾಗಿರುವುದಿಲ್ಲವಂತೆ.

ನನಗೆ ಒಪ್ಪಿಗೆ ಇಲ್ಲ. ದೂರು ವಾಪಸು ತೆಗೆಸಬಾರದೆಂದು ಕೇಳಿಕೊಳ್ಳುತ್ತೇನೆ. ಗಾಜು ಒಡೆದವಳು ನಾನು, ಕೋರ್ಟಿಗೆ ನನ್ನನ್ನು ಕರೆಯಲೇಬೇಕು. ಇಡೀ ಊರು ಬಂದು ಬೆಂಚುಗಳಲ್ಲಿ ಕೂರಲಿ, ಆರ್ಡಿಸ್ ಮುಂದಿನ ಸಾಲಿನಲ್ಲಿ ಕೂರಲಿ. ಯಾಕಮ್ಮಾ ಒಡೆದೆ ಎಂದು ನ್ಯಾಯಾಧೀಶರು ಎಲ್ಲರೆದುರು ನನ್ನನ್ನು ಕೇಳಲಿ.

ಬರೆದದ್ದನ್ನು ಡೆಪ್ಯುಟಿಯವರು ನನಗೆ ಓದಿ ಹೇಳಿದರು. ನಾನು ಹೇಳಿದ್ದೇ ಇದೆ. "ಹೆಂಗಸಿಗೆ ತಲೆ ಕೆಟ್ಟಿದೆ" ಎಂಬ ಮಾತನ್ನು ತೆಗೆಯಬೇಕೇ ಎಂದು ಕೇಳಿದರು. ಬೇಡ, ಇರಲಿ ಎಂದೆ. ಯಾರ ಒತ್ತಾಯವೂ ಇಲ್ಲದೆ, ತಿಳಿದೇ ರುಜು ಹಾಕಿದ್ದೇನೆ.

ಸ್ಥಳ: ಶೆರಿಫ್ ಕಚೇರಿ, ಕಾಟನ್‌ಕ್ರೀಕ್
ತಾರೀಕು: ಜುಲೈ 11, 2014, ಶುಕ್ರವಾರ

(ರುಜು) ವರ್ನಾ ಟ್ವೈಟ್

ನನ್ನ ಸಮಕ್ಷಮ: (ರುಜು) ಲೋವೆಲ್ ಕ್ರೂಪ್, ಡೆಪ್ಯುಟಿ